ಹೊಟ್ಟಿಗೋ, ಅರಿವಿಗೋ? ಪುಣೆ ರವಿವಾರ ಪೇಠೆಯ ಬೇರು-ತೊಗಟೆ ಅಂಗಡಿ

ಪುಣೆಯಲ್ಲಿ ಅಳಲೆಕಾಯಿ, ಮಂಜಿಷ್ಠ, ಕಾಚು, ಜಾಲಿ ತೊಗಟೆ ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಇಲ್ಲಿನ ಕನ್ನಡದವರು ಕೇಳುತ್ತಲೇ ಇರುತ್ತಾರೆ. ಬಟ್ಟೆಗೆ ಬಣ್ಣ ಹಾಕುವವರು ಕೇಳುತ್ತಾರೆ. ಮನೆಯಲ್ಲೇ ತ್ರಿಫಲ ಚೂರ್ಣ ಮಾಡಿಕೊಳ್ಳುವವರು ಕೇಳುತ್ತಾರೆ. ಚರ್ಮದ ಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗನೂ ಕೇಳಿದ್ದ. ಮೂವರಿಗೂ ನಾನು ಹೇಳುವುದು ಒಂದೇ ಅಂಗಡಿ. ರವಿವಾರ ಪೇಠೆಯಲ್ಲಿ, ಬೋಹರಿ ಆಳಿಯ ಹತ್ತಿರ, ಬಾಗಿಲ ಮುಂದೆ ಬಾಯಿ ಬಿಚ್ಚಿದ ಗೋಣಿಚೀಲಗಳನ್ನು ಸಾಲಾಗಿ ಇಟ್ಟಿರುವ ಹಳೆಯ ಕಾಷ್ಠೌಷಧಿ ಅಂಗಡಿ. ನಮ್ಮ ಕಡೆ ಇದನ್ನೇ ಗ್ರಂಧಿಗೆ ಅಂಗಡಿ ಅನ್ನುತ್ತೇವೆ. ಹೆಸರು ಬರೆಯಬೇಡಿ ಎಂದು ಮಾಲೀಕರೇ ಹೇಳಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ. ಆ ಗಲ್ಲಿಯಲ್ಲಿ ಇಂಥ ಅಂಗಡಿಗಳು ಬೇರೆಯೂ ಇವೆ. ನಾನು ಇಲ್ಲಿ ಹೇಳುವ ಪರೀಕ್ಷೆಗಳನ್ನು ಎಲ್ಲಿ ಬೇಕಾದರೂ ಮಾಡಿ ನೋಡಬಹುದು.

ಈ ಅಂಗಡಿ ನನಗೆ ಯಾಕೆ ಇಷ್ಟ ಅಂದರೆ, ಇಲ್ಲಿ ಸಾಮಾನು ಇಡಿಯಾಗಿ ಸಿಗುತ್ತದೆ. ಕಾಯಿ ಕಾಯಿಯಾಗಿ, ಬೇರು ಬೇರಾಗಿ, ತೊಗಟೆ ತೊಗಟೆಯಾಗಿ. ಕೈಯಲ್ಲಿ ಹಿಡಿದು ಮುರಿದು, ಮೂಸಿ, ಬೇಕಾದರೆ ನಾಲಿಗೆಗೆ ಮುಟ್ಟಿಸಿ ನೋಡಬಹುದು. ಯಾರೂ ಮುಖ ಸಿಂಡರಿಸುವುದಿಲ್ಲ. ಎರಡನೇ ಕಾರಣ ಅಲ್ಲಿ ಕೆಲಸ ಮಾಡುವ ಅಕ್ಕಲಕೋಟೆ ಕಡೆಯ ತಮ್ಮ. ಅವನ ಮನೆಮಾತು ಕನ್ನಡ. ಏನೇ ಕೇಳಿದರೂ ಅವನು ತಕ್ಕಡಿ ಮುಟ್ಟುವ ಮೊದಲು ಒಂದು ಪ್ರಶ್ನೆ ಹಾಕುತ್ತಾನೆ: "ಹೊಟ್ಟಿಗೋ ಅರಿವಿಗೋ, ಅಕ್ಕಾರ?" ಮರಾಠಿಯವರಿಗೂ ಅದೇ ಪ್ರಶ್ನೆ, ಅವರ ಭಾಷೆಯಲ್ಲಿ. ಹೊಟ್ಟೆಗಾದರೆ ಒಂದು ಚೀಲ, ಬಟ್ಟೆಗಾದರೆ ಇನ್ನೊಂದು ಚೀಲ. ಇಷ್ಟು ಸಣ್ಣ ಪ್ರಶ್ನೆ ಕೇಳುವ ಅಂಗಡಿ ನಾನು ಈ ಊರಲ್ಲಿ ಇನ್ನೊಂದು ನೋಡಿಲ್ಲ.

ಅಳಲೆಕಾಯಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇಲ್ಲಿ ನಾನು ಜಾಸ್ತಿ ಕೊಳ್ಳುವುದು ಅದನ್ನೇ. ಇಲ್ಲಿ ಹಿರಡಾ ಅಂತ ಕೇಳಬೇಕು. ಎರಡು ಬಗೆ ಇಡುತ್ತಾರೆ. ಒಂದು ಬಾಳ ಹಿರಡಾ, ಎಳೆಯದಾಗಿ ಕಿತ್ತು ಒಣಗಿಸಿದ್ದು, ಸಣ್ಣ, ಕಪ್ಪು, ಬೀಜ ಗಟ್ಟಿಯಾಗಿರುವುದಿಲ್ಲ. ಅದು ಔಷಧಿಗೆ. ಪುಣೆ ಜಿಲ್ಲೆಯ ಜುನ್ನರ, ಆಂಬೇಗಾವ್ ಕಡೆಯ ಗುಡ್ಡಗಳಲ್ಲಿ ಆದಿವಾಸಿ ಕುಟುಂಬಗಳು ಇದನ್ನು ಆರಿಸಿ ಮಾರುತ್ತವೆ, ಅವರ ವರ್ಷದ ಆದಾಯದಲ್ಲಿ ಇದರ ಪಾಲು ದೊಡ್ಡದು. ಇನ್ನೊಂದು ಬಲಿತ ದೊಡ್ಡ ಕಾಯಿ, ಹಳದಿ-ಕಂದು ಬಣ್ಣ, ಉದ್ದಕ್ಕೆ ಏಣುಗಳು. ತ್ರಿಫಲಕ್ಕೂ ಇದೇ ಬಲಿತ ಕಾಯಿ, ಬಣ್ಣಕ್ಕೂ ಇದೇ. ಆದರೆ ಆರಿಸಿದ ಒಳ್ಳೆಯ ಕಾಯಿ ಔಷಧಿಗೆ ಹೋಗುತ್ತದೆ, ಹುಳು ಹಿಡಿದ, ಒಡೆದ, ಕಲೆ ಬಿದ್ದ ಕಾಯಿ ಬಣ್ಣದ ಚೀಲಕ್ಕೆ. ಬೆಲೆಯಲ್ಲೂ ಅಷ್ಟೇ ವ್ಯತ್ಯಾಸ. ಇದನ್ನು ಮುಚ್ಚಿಡದೆ ಹೇಳುತ್ತಾರೆ, ಅದೇ ದೊಡ್ಡದು. ಪುಡಿ ಮಾಡಿ ಪ್ಯಾಕೆಟ್ ಕಟ್ಟಿದರೆ ಈ ಎರಡು ಚೀಲದ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ, ಹೇಳಿ.

ಒಳ್ಳೆಯ ಅಳಲೆಕಾಯಿ ನೀರಿಗೆ ಹಾಕಿದರೆ ಮುಳುಗಬೇಕು ಎಂದು ಆಯುರ್ವೇದದ ಹಳಬರು ಹೇಳುತ್ತಾರೆ. ಅಂಗಡಿಯಲ್ಲಿ ನೀರಿನ ಲೋಟ ಕೇಳಿದರೆ ಕೊಡುತ್ತಾರೆ. ಹುಳು ತಿಂದು ಟೊಳ್ಳಾದದ್ದು ತೇಲುತ್ತದೆ. ಇನ್ನೊಂದು ಮಾತು, ಒಗರು ಇರುವುದು ತಿರುಳಿನಲ್ಲಿ, ಬೀಜದಲ್ಲಿ ಹೆಚ್ಚೇನೂ ಇಲ್ಲ. ಒಣ ಕಾಯಿಯ ತೂಕದಲ್ಲಿ ಸುಮಾರು ಶೇ. 30ರಷ್ಟು ಟ್ಯಾನಿನ್, ಅಂದರೆ ಈ ಒಗರಿನ ಅಂಶ, ಇರುತ್ತದೆ. ಬೀಜ ಸಮೇತ ಕುಟ್ಟಿದ ಪುಡಿ ಕೊಂಡರೆ ನೀವು ದುಡ್ಡು ಕೊಟ್ಟು ಕಟ್ಟಿಗೆ ಕೊಂಡ ಹಾಗೆಯೇ. ಇಲ್ಲಿ ಬೀಜ ತೆಗೆದು ಕುಟ್ಟಿಸಿ ಕೊಡಿ ಎಂದರೆ ಕೊಡುತ್ತಾರೆ, ಕೂಲಿ ಬೇರೆ, ಅರ್ಧ ದಿನ ಕಾಯಬೇಕು.

ಹತ್ತಿ ಬಟ್ಟೆಗೆ ಗಿಡದ ಬಣ್ಣ ಸುಮ್ನೆ ನಿಲ್ಲುವುದಿಲ್ಲ. ಬಣ್ಣ ನಿಲ್ಲಿಸಲು ಹಾಕುವ ಪಟಿಕವನ್ನು (ಆಲಂ) ರೇಷ್ಮೆ, ಉಣ್ಣೆ ತಾವೇ ಹಿಡಿದುಕೊಳ್ಳುತ್ತವೆ. ಹತ್ತಿ ಹಿಡಿಯುವುದಿಲ್ಲ. ಅದಕ್ಕೆ ಮೊದಲು ಅಳಲೆಯ ಒಗರು ಕುಡಿಸಬೇಕು. ಒಗರು ನೂಲಿಗೆ ಅಂಟುತ್ತದೆ, ಪಟಿಕ ಒಗರಿಗೆ ಅಂಟುತ್ತದೆ, ಬಣ್ಣ ಪಟಿಕಕ್ಕೆ ಅಂಟುತ್ತದೆ. ನಾನು 100 ಗ್ರಾಂ ಬಟ್ಟೆಗೆ 20 ಗ್ರಾಂ ಅಳಲೆಪುಡಿ, ಆಮೇಲೆ 15 ಗ್ರಾಂ ಪಟಿಕ ಹಾಕುತ್ತೇನೆ. ಅದಕ್ಕೂ ಮುಂಚೆ ಬಟ್ಟೆಯನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿ ಗಂಜಿ, ಜಿಡ್ಡು ತೆಗೆಯಲೇಬೇಕು. ಬರೀ ಅಳಲೆಯಲ್ಲಿ ಅದ್ದಿದರೆ ಬೆಣ್ಣೆ ಬಣ್ಣ ಬರುತ್ತದೆ. ಆ ಬಟ್ಟೆಯನ್ನು ಅನ್ನಭೇದಿಯ, ಅಂದರೆ ಕಬ್ಬಿಣದ ಲವಣದ, ನೀರಿನಲ್ಲಿ ಅದ್ದಿದರೆ ಕಣ್ಣ ಮುಂದೆಯೇ ಬೂದಿ, ಆಮೇಲೆ ಕಪ್ಪು. ಅನ್ನಭೇದಿಗೆ ಇಲ್ಲಿ ಹಿರಾಕಸ ಅನ್ನುತ್ತಾರೆ, ಅದೇ ಅಂಗಡಿಯಲ್ಲಿ ಸಿಗುತ್ತದೆ. 100 ಗ್ರಾಂ ಬಟ್ಟೆಗೆ 2 ಗ್ರಾಂ ಸಾಕು, ಜಾಸ್ತಿ ಹಾಕಿದರೆ ನೂಲು ಬೇಗ ಸವೆದು ಹರಿಯುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಜೋಡಿಯಿಂದ. ಶ್ರೀಕಾಳಹಸ್ತಿಯ ಕಲಮಕಾರಿಯವರು ಅನ್ನಭೇದಿಯ ಬದಲು ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು ಹಾಕಿ ಹುಳಿ ಬರಿಸಿ ಕಪ್ಪು ಮಾಡಿಕೊಳ್ಳುತ್ತಾರೆ. ಬಟ್ಟೆಯನ್ನು ಮೊದಲು ಅಳಲೆ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸುತ್ತಾರೆ, ಬರೆದ ಗೆರೆ ಹರಡಬಾರದು ಅಂತ. ಹಾಗೆ ಮಾಡಬೇಕು ಅನ್ನುವವರಿಗೂ ಇಲ್ಲಿನ ಕಾಯಿ ಚೆನ್ನಾಗಿದೆ.

ಒಂದು ಮುಖ್ಯ ವಿಷಯ. ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಯಾವ ಬಣ್ಣವಾದರೂ ಮಂಕಾಗುತ್ತದೆ, ಕಾರಣ ಈಗ ಹೇಳಿದ್ದೇ.

ಬಾಗಿಲ ಎಡಕ್ಕೆ ಜಾಲಿ ತೊಗಟೆಯ ಚೀಲಗಳು ಇರುತ್ತವೆ. ಇಲ್ಲಿ ಬಾಭಳಿ ಸಾಲ ಅಂತ ಕೇಳಬೇಕು. ಹಲ್ಲಿನ ಪುಡಿಗೆ ಅಂತ ಸ್ವಲ್ಪ ಸ್ವಲ್ಪ ಒಯ್ಯುವವರೇ ಹೆಚ್ಚು. ನನಗೆ ಇದನ್ನು ನೋಡಿದರೆ ಅಥಣಿ ನೆನಪಾಗುತ್ತದೆ. ನಾನು ಜಮಖಂಡಿ ಕಡೆಯವಳು, ಅಥಣಿ ಚಪ್ಪಲಿ ಹಾಕಿಕೊಂಡೇ ಬೆಳೆದವಳು. ಪುಣೆಯಲ್ಲಿ ಎಲ್ಲರೂ ಕೊಲ್ಹಾಪುರಿ ಅನ್ನುವ ಆ ಚಪ್ಪಲಿಯ ಚರ್ಮ ಹದ ಆಗುವುದು ಇದೇ ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ. ಎಮ್ಮೆ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಆಮೇಲೆ ಅದನ್ನೇ ಚೀಲವಾಗಿ ಹೊಲಿದು, ಒಳಗೆ ಜಜ್ಜಿದ ತೊಗಟೆ, ಅಳಲೆಪುಡಿ ತುಂಬಿ, ನೀರು ಹೊಯ್ದು ನೇತು ಹಾಕುತ್ತಾರೆ. ಒಗರು ನೀರು ಚರ್ಮದೊಳಗಿಂದ ಜಿನುಗಿ ಕೆಳಗೆ ಬೀಳುತ್ತದೆ, ಬಿದ್ದದ್ದನ್ನು ಮತ್ತೆ ಮೇಲೆ ಹೊಯ್ಯುತ್ತಾರೆ. ಒಗರು ಚರ್ಮದ ನಾರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಅದು ಕೊಳೆಯುವುದಿಲ್ಲ. ಬರೀ ಜಾಲಿಯಾದರೆ ಚರ್ಮ ಕೆಂಪಾಗುತ್ತದೆ, ಅಳಲೆ ಸೇರಿಸಿದರೆ ಬಣ್ಣ ತಿಳಿಯಾಗುತ್ತದೆ. ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನದಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ವಾರಗಟ್ಟಲೆ ಬೇಕು. ಆ ನಿಧಾನವನ್ನು ನಾನು ದೋಷ ಅನ್ನುವುದಿಲ್ಲ. ಕಾಲು ಬೆವರಿದರೂ ಆ ಚಪ್ಪಲಿ ಕಚ್ಚುವುದಿಲ್ಲ, ಹಾಕಿದಷ್ಟೂ ಕಾಲಿಗೆ ಒಗ್ಗುತ್ತದೆ.

ಈ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ (ಇಂಥ ಪ್ರದೇಶದ್ದೇ ಎಂದು ಹೇಳುವ ಸರ್ಕಾರಿ ಗುರುತು) ಸಿಕ್ಕಿದ್ದು ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಸೇರಿಸಿ. ಅಲ್ಲಿ ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರ, ಸಾತಾರ. ನಮ್ಮಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಪುಣೆಯಲ್ಲಿ ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಂಗಡಿಯ ಮಾಲೀಕರಿಗೆ ಗೊತ್ತಿತ್ತು, ನನಗೆ ಅದು ಖುಷಿ ಆಯಿತು. ಚರ್ಮದ ಕೆಲಸ ಕಲಿಯುವವರಿಗೆ ಒಂದು ಸಲಹೆ, ತೊಗಟೆ ಒಳಗಿನ ಕಡೆ ಕೆಂಪು ಇರಬೇಕು, ಹಲ್ಲಿಗೆ ಇಟ್ಟರೆ ಬಾಯಿ ಒಣಗಿ ಜುಮ್ಮೆನ್ನಬೇಕು. ಇಲ್ಲಿನದು ಹಾಗಿದೆ. ಮಳೆಗಾಲದಲ್ಲಿ ಮಾತ್ರ ಕೊಳ್ಳಬೇಡಿ, ಬಾಗಿಲ ಹತ್ತಿರದ ಚೀಲಗಳು ತೇವ ಹಿಡಿದು ಬೂಷ್ಟು ವಾಸನೆ ಬರುತ್ತಿರುತ್ತದೆ.

ಇನ್ನು ಕಾಚು. ಇಲ್ಲಿ ನನ್ನ ತಕರಾರು ಶುರು.

ಕಾಚು ಬರುವುದು ಖೈರದ ಮರದ ಒಳತಿರುಳಿನಿಂದ. ನಮ್ಮಲ್ಲಿ ಕಗ್ಗಲಿ ಅನ್ನುವುದು ಇದೇ ಮರಕ್ಕೆ. ಮರ ಕಡಿದು, ಹೊರಗಿನ ಬಿಳಿ ಕಟ್ಟಿಗೆ ತೆಗೆದು, ಕೆಂಪು ತಿರುಳನ್ನು ಚೂರು ಮಾಡಿ ನೀರಿನಲ್ಲಿ ಕುದಿಸುತ್ತಾರೆ. ಕುದಿಸಿದ ನೀರನ್ನು ಬತ್ತಿಸಿ ತಣ್ಣಗೆ ಇಟ್ಟರೆ ಒಂದು ಭಾಗ ಹರಳುಗಟ್ಟುತ್ತದೆ. ಅದು ಎಲೆಅಡಿಕೆಯ ಕಾಚು, ತಿಳಿ ಕಂದು, ಬೆರಳಲ್ಲಿ ಉದುರುತ್ತದೆ. ಸುಣ್ಣದ ಜೊತೆ ಬಾಯಿ ಕೆಂಪಾಗಿಸುವುದು ಇದೇ. ಉಳಿದ ನೀರನ್ನು ಇನ್ನೂ ಬತ್ತಿಸಿದರೆ ಕಪ್ಪು ಕಾಚು, ಗಾಜಿನ ಚೂರಿನ ಹಾಗೆ ಹೊಳೆದು ಒಡೆಯುತ್ತದೆ. ಬಟ್ಟೆಗೆ, ಚರ್ಮಕ್ಕೆ, ಹಿಂದೆ ಮೀನಿನ ಬಲೆಗೆ ಹಾಕುತ್ತಿದ್ದದ್ದು ಈ ಕಪ್ಪು ಕಾಚು. ನೂಲಿನ ಬಲೆ ಇದ್ದ ಕಾಲದಲ್ಲಿ ಅದನ್ನು ಒಗರು ನೀರಿನಲ್ಲಿ ಅದ್ದದಿದ್ದರೆ ಸಮುದ್ರದ ನೀರಲ್ಲಿ ಬೇಗ ಕೊಳೆಯುತ್ತಿತ್ತು. ನೈಲಾನ್ ಬಂದ ಮೇಲೆ ಆ ಕೆಲಸ ಹೋಯಿತು. ಕೊಂಕಣದಲ್ಲಿ ಚಿಪಳೂಣ, ಸಾವರ್ಡೆ ಕಡೆ ಕಾಚಿನ ಕಾರ್ಖಾನೆಗಳು ಈಗಲೂ ಇವೆ. ರಾಯಗಡದ ಕಾತಕರಿ ಜನಕ್ಕೆ ತಲೆಮಾರುಗಳಿಂದ ಇದೇ ಕಸುಬಾಗಿತ್ತು.

ಅಂಗಡಿಯಲ್ಲಿ ತಿಳಿ ಕಾಚು ಬೇಕಾದಷ್ಟು ಇದೆ. ಕಪ್ಪು ಕಾಚು ಕೇಳಿದರೆ ಒಮ್ಮೆ ಇರುತ್ತದೆ, ಇನ್ನೊಮ್ಮೆ ಇರುವುದಿಲ್ಲ, ಇದ್ದಾಗಲೂ ಎಲ್ಲಿಂದ ಬಂತು ಅಂತ ಸರಿಯಾಗಿ ಹೇಳುವುದಿಲ್ಲ. ಇದು ಸಣ್ಣ ವಿಷಯ ಅಲ್ಲ. ಇಂಡೋನೇಷ್ಯಾದಿಂದ ಗ್ಯಾಂಬಿಯರ್ ಅಂತ ಬೇರೆ ಬಳ್ಳಿಯ ಸಾರ ಬರುತ್ತದೆ, ಎಲೆ, ಚಿಗುರು ಕುದಿಸಿ ಮಾಡಿದ್ದು. ಕಾಚಿನಲ್ಲಿರುವ ಕ್ಯಾಟೆಚಿನ್ ಎಂಬ ಒಗರು ಅಂಶವೇ ಅದರಲ್ಲೂ ಇದೆ, ನೋಡಲು ತಿಳಿ ಕಾಚಿನ ಹಾಗೆಯೇ ಇರುತ್ತದೆ, ಬೆರೆಸಿ ಮಾರುವುದು ಸಾಮಾನ್ಯ. ಬರೀ ಕಣ್ಣಿನಿಂದ ಹೇಳಲು ಆಗುವುದಿಲ್ಲ, ಲ್ಯಾಬಿನ ಪರೀಕ್ಷೆ ಬೇಕು. ಬಟ್ಟೆಗೆ ಗ್ಯಾಂಬಿಯರ್ ಕೂಡ ಬಣ್ಣ ಕೊಡುತ್ತದೆ, ಅದೇನು ಮೋಸದ ವಸ್ತು ಅಲ್ಲ. ಆದರೆ ಖೈರದ ಬೆಲೆ ಕೊಟ್ಟವರಿಗೆ ಖೈರ ಸಿಗಬೇಕು, ಅಲ್ವಾ?

ಬಣ್ಣ ಮಾತ್ರ ಚೆನ್ನಾಗಿ ಬಂತು, ಅದನ್ನು ಹೇಳಲೇಬೇಕು. ಬಿಸಿ ನೀರಿನಲ್ಲಿ ಕರಗಿಸಿ, ಬಟ್ಟೆ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ, ಆಮೇಲೆ ಅದೇ ನೀರಿನಲ್ಲಿ ರಾತ್ರಿಯಿಡೀ. ಗಾಳಿಗೆ ಹರವಿದ ಮೇಲೆ ಕಂದು ಇನ್ನೂ ಗಾಢವಾಗುತ್ತದೆ. ಒಗೆದರೂ, ಬಿಸಿಲಿಗೆ ಹಾಕಿದರೂ ನಿಲ್ಲುವ ಗಿಡದ ಬಣ್ಣಗಳಲ್ಲಿ ಇದು ಒಂದು. ಆನ್‌ಲೈನ್‌ನಲ್ಲಿ ಒಮ್ಮೆ ತರಿಸಿದ ಪುಡಿ ಮೊದಲ ಒಗೆತಕ್ಕೇ ಅರ್ಧ ಹೋಗಿತ್ತು. ಇಲ್ಲಿನದು ಹೋಗಿಲ್ಲ. ಆದರೂ ನಾನು ಈಚೆಗೆ ಕಾಚು ಕಡಿಮೆ ಮಾಡಿದ್ದೇನೆ. ಅದಕ್ಕೆ ಮರ ಕಡಿಯಲೇಬೇಕು, ಕೊಂಕಣದಲ್ಲಿ ಕದ್ದು ಖೈರ ಕಡಿದು ಸಾಗಿಸುವ ಸುದ್ದಿ ಬರುತ್ತಲೇ ಇರುತ್ತದೆ. ಅಳಲೆಗೆ ಕಾಯಿ ಆರಿಸಿದರೆ ಸಾಕು, ಮರ ಇರುತ್ತದೆ. ದಾಳಿಂಬೆ ಸಿಪ್ಪೆಯಂತೂ ಹೇಗೂ ಎಸೆಯುವ ವಸ್ತು. ದೇಶದಲ್ಲೇ ಅತಿ ಹೆಚ್ಚು ದಾಳಿಂಬೆ ಬೆಳೆಯುವ ರಾಜ್ಯದಲ್ಲಿದ್ದೇವೆ, ಜ್ಯೂಸ್ ಅಂಗಡಿಯವರು ಚೀಲ ತುಂಬ ಸುಮ್ನೆ ಕೊಡುತ್ತಾರೆ. ಈ ಅಂಗಡಿಯಲ್ಲಿ ಒಣ ಸಿಪ್ಪೆಗೆ ಹೇಳುವ ಬೆಲೆ ನನಗೆ ಜಾಸ್ತಿ ಅನಿಸಿತು. ಮನೆಯಲ್ಲೇ ಒಣಗಿಸಿಕೊಳ್ಳಿ.

ಮಂಜಿಷ್ಠದ ವಿಷಯದಲ್ಲಿ ಪೂರ್ತಿ ಅಂಕ. ಬೇರು ಮತ್ತು ಕಾಂಡ ಬೆರೆತು ಬರುವುದು ಎಲ್ಲ ಕಡೆ ಇರುವ ತೊಂದರೆ, ಬಳ್ಳಿಯ ಒಣ ಕಡ್ಡಿಯಲ್ಲಿ ಬೇರಿನಷ್ಟು ಕೆಂಪು ಇರುವುದಿಲ್ಲ. ಇಲ್ಲಿ ತಮ್ಮ ಆರಿಸಿಕೊಳ್ಳಲು ಬಿಡುತ್ತಾನೆ. ಮುರಿದಾಗ ಒಳಗೆ ಇಟ್ಟಿಗೆ ಕೆಂಪು ಕಾಣಬೇಕು. ಹಿಂದಿನ ರಾತ್ರಿ ನೆನೆಸಿ, ಬೆಳಗ್ಗೆ ನಿಧಾನ ಬಿಸಿ ಮಾಡಿ, ಕೊತಕೊತ ಕುದಿಸಬೇಡಿ. ಅಳಲೆ, ಪಟಿಕ ಹಾಕಿದ ಹತ್ತಿಗೆ ಹವಳದಿಂದ ಹಿಡಿದು ಗಾಢ ಕೆಂಪಿನವರೆಗೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಇರುವವರಿಗೆ ಇಲ್ಲಿ ಲಾಭ, ನೀರಿನ ಸುಣ್ಣದ ಅಂಶ ಈ ಕೆಂಪನ್ನು ಹೆಚ್ಚಿಸುತ್ತದೆ. ಪುಡಿಯೇ ಬೇಕು ಅನ್ನುವವರು ಒದ್ದೆ ಬಿಳಿ ಕಾಗದದ ಮೇಲೆ ಚಿಟಿಕೆ ಉದುರಿಸಿ ನೋಡಿ. ಕ್ಷಣದಲ್ಲಿ ಹೊಳೆಯುವ ಗುಲಾಬಿ ಗೆರೆ ಹರಿದರೆ ರಾಸಾಯನಿಕ ಬಣ್ಣ ಬೆರೆಸಿದ ಅನುಮಾನ, ನಾನಂತೂ ಕೊಳ್ಳುವುದಿಲ್ಲ. ಲೋಧ್ರ ತೊಗಟೆಯೂ ಇಲ್ಲಿ ಸಿಗುತ್ತದೆ. ಇದರಲ್ಲಿ ಅಲ್ಯೂಮಿನಿಯಂ ತಾನಾಗಿಯೇ ಇರುತ್ತದೆ, ಪಟಿಕದ ಬದಲು ಇದನ್ನು ಬಳಸುವ ರೂಢಿ ಇದೆ. ತೊಗಟೆ ಸುಲಿದರೆ ಮರಕ್ಕೆ ಪೆಟ್ಟು, ಹಾಗಾಗಿ ನಾನು ಪಟಿಕಕ್ಕೇ ಅಂಟಿಕೊಂಡಿದ್ದೇನೆ.

ಔಷಧಿಯ ಕಡೆ ಬಂದರೆ, ತ್ರಿಫಲ ಮಾಡಿಸುವ ರೀತಿ ನನಗೆ ಬಹಳ ಇಷ್ಟ. ನೆಲ್ಲಿ, ಅಳಲೆ, ತಾರೆಕಾಯಿ ಮೂರನ್ನೂ ಬೇರೆ ಬೇರೆ ತೂಗಿ, ಬೀಜ ತೆಗೆದದ್ದು ಹೌದು ಅಂತ ತೋರಿಸಿ, ಎದುರಿಗೇ ಬೀಸಿ ಕೊಡುತ್ತಾರೆ. ಪ್ಯಾಕೆಟ್ಟಿನ ಚೂರ್ಣಕ್ಕಿಂತ ಕಡಿಮೆ ಖರ್ಚು, ವಾಸನೆಯೇ ಬೇರೆ. ಆದರೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಎರಡನ್ನೂ ಒಟ್ಟಿಗೆ ನುಂಗಬೇಡಿ. ಬಟ್ಟೆಯ ಮೇಲೆ ಒಗರು ಮತ್ತು ಕಬ್ಬಿಣ ಸೇರಿ ಕಪ್ಪಾಗಿ ಗಟ್ಟಿಯಾಗುತ್ತವಲ್ಲ, ಹೊಟ್ಟೆಯಲ್ಲೂ ಹಾಗೆಯೇ ಹಿಡಿದುಕೊಳ್ಳುತ್ತವೆ, ಕಬ್ಬಿಣ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಅಲ್ಲಿ ಕೂತ ಹಿರಿಯರು ಗಿರಾಕಿಗಳಿಗೆ ಔಷಧಿ ಸಲಹೆ ಕೊಡುತ್ತಾರೆ. ಬಾಯಿಹುಣ್ಣಿಗೆ ಕಾಚು, ಗಂಟಲಿಗೆ ಖದಿರಾದಿ ವಟಿ, ಇಷ್ಟು ಸರಿ, ಎಲ್ಲರ ಮನೆಯಲ್ಲೂ ಇದ್ದದ್ದೇ. ಲಿವರಿಗೆ ಕಾಚಿನ ಕಷಾಯ ಕುಡಿಯಿರಿ ಎಂದು ಒಬ್ಬರಿಗೆ ಹೇಳಿದ್ದು ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ. ಕಾಚಿನಲ್ಲಿರುವ ಕ್ಯಾಟೆಚಿನ್ ಅನ್ನೇ ಸಿಯಾನಿಡಾನಾಲ್ ಎಂಬ ಹೆಸರಿನಲ್ಲಿ ಯುರೋಪಿನಲ್ಲಿ ಲಿವರ್ ಮಾತ್ರೆಯಾಗಿ ಮಾರುತ್ತಿದ್ದರು. ಕೆಲವರಿಗೆ ರಕ್ತದ ಕೆಂಪು ಕಣಗಳು ಒಡೆದು ರಕ್ತಹೀನತೆ ಬಂತು, 1985ರಲ್ಲಿ ಅದನ್ನು ವಾಪಸ್ ತೆಗೆದರು. ಎಲೆಗೆ ಹಚ್ಚುವ ಚಿಟಿಕೆ ಕಾಚು ಬೇರೆ, ದಿನಾ ಲೋಟಗಟ್ಟಲೆ ಕುಡಿಯುವುದು ಬೇರೆ. ಲಿವರ್, ಕಿಡ್ನಿಯ ಕಾಯಿಲೆ ಇದ್ದವರು ಡಾಕ್ಟರ ಹತ್ತಿರ ಹೋಗಿ. ಸಾಮಾನು ಇಲ್ಲಿ ಕೊಳ್ಳಿ, ಸಲಹೆ ಅಲ್ಲಿ ಕೇಳಿ.

ಹೋಗುವುದು ಸುಲಭ. ಮಂಡಯಿ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ನಡೆದು ಹೋಗಬಹುದು, ಗಾಡಿ ತಂದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮಧ್ಯಾಹ್ನ 1ರಿಂದ 4ರ ತನಕ ಬಾಗಿಲು ಹಾಕಿರುತ್ತಾರೆ, ಬೆಳಗ್ಗೆ ಹೋದರೆ ತಮ್ಮನಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಯುಪಿಐ ನಡೆಯುತ್ತದೆ. ಬಟ್ಟೆಯ ಚೀಲ ಒಯ್ಯಿರಿ, ಬಣ್ಣದ್ದಕ್ಕೆ ಒಂದು, ಹೊಟ್ಟೆಯದಕ್ಕೆ ಒಂದು. ಪೊಟ್ಟಣ ಕಟ್ಟುವುದು ಕಾಗದದಲ್ಲಿ, ಮೇಲೆ ಹೆಸರು ಬರೆಯುವುದಿಲ್ಲ, ನೀವೇ ಪೆನ್ ತೆಗೆದು ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಅಳಲೆಪುಡಿ, ತ್ರಿಫಲ, ಲೋಧ್ರ ಎಲ್ಲ ಒಂದೇ ಹಾಗೆ ಕಾಣುತ್ತವೆ. ಯಾವ ಚೀಲ ಯಾವ ವರ್ಷದ್ದು ಅಂತಲೂ ಎಲ್ಲೂ ಬರೆದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಹೊಸ ಬಲಿತ ಅಳಲೆ ಬರುವುದು ಚಳಿಗಾಲದ ಕೊನೆಗೆ, ವರ್ಷಕ್ಕೆ ಬೇಕಾದಷ್ಟು ಆಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಒಂದೇ ಒಂದು ವಿಷಯಕ್ಕೆ ನನಗೆ ನಿಜವಾಗಿ ಕೋಪ ಇದೆ. ಮೈಲುತುತ್ತದ ನೀಲಿ ಹರಳಿನ ಡಬ್ಬಿಯನ್ನು ಬಜೆ, ಜಾಯಿಕಾಯಿ, ಬಾಳ ಹಿರಡಾ ಇರುವ ಕಪಾಟಿನಲ್ಲೇ ಇಟ್ಟಿದ್ದಾರೆ. ತೂಗುವ ಸೌಟು ಕೂಡ ಒಂದೇ. ಮೈಲುತುತ್ತ ವಿಷ. ಬಣ್ಣದವರು ಹಸಿರು ಛಾಯೆಗೆ ಅಂತ ಕೇಳುತ್ತಾರೆ, ನಾನು ಅದನ್ನು ಬಳಸುವುದೇ ಇಲ್ಲ, ಆ ನೀರನ್ನು ಮೋರಿಗೆ ಚೆಲ್ಲಲೂ ಬಾರದು. ಮಗುವಿಗೆ ತೇಯ್ದು ಕೊಡಲು ಅಂತ ತಾಯಂದಿರು ಒಯ್ಯುವ ಸಾಮಾನಿನ ಪಕ್ಕ ಅದು ಇರಲೇಬಾರದು. ಹೊಟ್ಟೆಗೋ ಬಟ್ಟೆಗೋ ಎಂದು ಇಷ್ಟು ಕಾಳಜಿಯಿಂದ ಕೇಳುವವರು ಒಂದು ಕಪಾಟು, ಒಂದು ಸೌಟು ಬೇರೆ ಮಾಡಲು ಯಾಕೆ ತಡ ಮಾಡುತ್ತಿದ್ದಾರೋ ಗೊತ್ತಿಲ್ಲ. ಮಾಲೀಕರಿಗೆ ಹೇಳಿದ್ದೇನೆ, ತಮ್ಮನಿಗೂ ಹೇಳಿದ್ದೇನೆ. ಅದು ಆಗುವ ತನಕ ಬಣ್ಣದ ಸಾಮಾನು ಮತ್ತು ಎದುರಿಗೆ ಬೀಸಿದ ತ್ರಿಫಲಕ್ಕೆ ಈ ಅಂಗಡಿಗೆ ಹೋಗಿ, ಸೌಟು ಒರೆಸಿ ತೂಗಲು ಹೇಳಿ. ಚಿಕ್ಕ ಮಕ್ಕಳಿಗೆ ಬೇಕಾದ ಯಾವುದನ್ನೂ ಇಲ್ಲಿಂದ ತರಬೇಡಿ.